ಗೊಬ್ಬರದ ಡ್ರಮ್ ತರುವ ಮುಂಚೆ ಒಂದು ತಕ್ಕಡಿ ತನ್ನಿ: ಅಕ್ಕಪಕ್ಕದ ಮನೆಗಳು ಸೇರಿ ಆಹಾರ ಉಳಿಸುವ ಬಗೆ

ಅಕ್ಕಪಕ್ಕದ ಹತ್ತು ಮನೆಯವರು ಸೇರಿ ಪರಿಸರಕ್ಕೆ ಏನಾದರೂ ಮಾಡೋಣ ಅಂತ ಕೂತರೆ, ಮೊದಲ ಹದಿನೈದು ನಿಮಿಷದಲ್ಲೇ ಯಾರಾದರೊಬ್ಬರು ಗೊಬ್ಬರದ ಮಾತು ತೆಗೆಯುತ್ತಾರೆ. ಡ್ರಮ್ ತರೋಣ, ಹಸಿ ಕಸವನ್ನೆಲ್ಲ ಅದಕ್ಕೇ ಹಾಕೋಣ, ಗಿಡಕ್ಕೆ ಗೊಬ್ಬರವೂ ಆಯ್ತು, ಕಸವೂ ಕಡಿಮೆ ಆಯ್ತು. ನಾವೂ ಹಾಗೇ ಶುರು ಮಾಡಿದೆವು. ಡ್ರಮ್ ಬಂತು. ಮೂರನೇ ವಾರಕ್ಕೆ ವಾಸನೆ ಬಂತು. ಆರನೇ ವಾರದ ಹೊತ್ತಿಗೆ ಆ ಡ್ರಮ್ಮಿನ ಹತ್ತಿರ ಹೋಗುವವರು ಇಬ್ಬರೇ ಉಳಿದೆವು. ವಾಸನೆಗಿಂತ ಬೇಸರ ತಂದದ್ದು ಮುಚ್ಚಳ ತೆಗೆದಾಗ ಕಾಣುತ್ತಿದ್ದ ಸಾಮಾನು: ಕಟ್ಟು ಕೂಡ ಬಿಚ್ಚದೆ ಕೊಳೆತ ಸೊಪ್ಪು, ಒಂದೇ ಬದಿ ಮೆತ್ತಗಾದ ಟೊಮೆಟೊ, ಪ್ಯಾಕೆಟ್ಟಿನಲ್ಲೇ ಬೂಷ್ಟು ಹಿಡಿದ ಬ್ರೆಡ್. ತಿನ್ನಬಹುದಾಗಿದ್ದ ಆಹಾರವನ್ನು ನಾವು ಗೊಬ್ಬರ ಮಾಡುತ್ತಿದ್ದೆವು. ಅದೂ ಸರಿಯಾದ ಗೊಬ್ಬರ ಆಗಿರಲಿಲ್ಲ.

ಆಮೇಲೆ ಎಲ್ಲ ನಿಲ್ಲಿಸಿ, ಕ್ರಮವನ್ನೇ ತಿರುಗುಮುರುಗು ಮಾಡಿ ಮತ್ತೆ ಶುರು ಮಾಡಿದೆವು. ಮೊದಲು ತೂಕ, ಆಮೇಲೆ ಅಡುಗೆಮನೆ, ಆಮೇಲೆ ಹಂಚಿಕೆ ಮತ್ತು ಖರೀದಿ, ಕಟ್ಟಕಡೆಗೆ ಗೊಬ್ಬರ. ಈ ಲೇಖನವೂ ಅದೇ ಕ್ರಮದಲ್ಲಿದೆ. ದಯವಿಟ್ಟು ನೇರವಾಗಿ ಕೊನೆಯ ಭಾಗಕ್ಕೆ ಹಾರಬೇಡಿ.

ಕ್ರಮ ಯಾಕೆ ಮುಖ್ಯ ಅಂತ ಒಂದು ಲೆಕ್ಕದಿಂದ ಹೇಳುತ್ತೇನೆ. ಒಂದು ಕಿಲೋ ಅಕ್ಕಿ ಬೆಳೆಯಲು ಜಗತ್ತಿನ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು. ಅದರ ಮೇಲೆ ಗೊಬ್ಬರ, ಡೀಸೆಲ್, ಕೂಲಿ, ಸಾಗಣೆ, ಕೊನೆಗೆ ನಿಮ್ಮ ಮನೆಯ ಗ್ಯಾಸು. ಆ ಅನ್ನವನ್ನು ಗೊಬ್ಬರದ ಗುಡ್ಡೆಗೆ ಹಾಕಿದರೆ ಇದರಲ್ಲಿ ವಾಪಸ್ ಬರುವುದು ಒಂದು ಹಿಡಿ ಕಪ್ಪು ಮಣ್ಣು ಮಾತ್ರ. ಅದೇ ಅನ್ನ ಯಾರದಾದರೂ ಹೊಟ್ಟೆಗೆ ಹೋದರೆ ಅಷ್ಟೂ ಉಳಿಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಮನೆ, ಹೋಟೆಲ್, ಅಂಗಡಿಗಳಲ್ಲಿ ಹಾಳಾದ ಆಹಾರ 105 ಕೋಟಿ ಟನ್. ಇದರಲ್ಲಿ ಮನೆಗಳ ಪಾಲೇ 63 ಕೋಟಿ ಟನ್ ದಾಟುತ್ತದೆ. ಹೋಟೆಲುಗಳನ್ನು, ದೊಡ್ಡ ಅಂಗಡಿಗಳನ್ನು ಬೈಯುವುದು ಸುಲಭ, ಆದರೆ ದೊಡ್ಡ ಪಾಲು ನಮ್ಮ ನಿಮ್ಮ ಸಿಂಕಿನ ಪಕ್ಕದ ಡಬ್ಬಿಯದ್ದೇ. ಅಂದರೆ ಇದನ್ನು ಸರಿ ಮಾಡುವ ಶಕ್ತಿಯೂ ನಮ್ಮ ಕೈಯಲ್ಲೇ ಇದೆ, ಅಲ್ವಾ?

ಎಷ್ಟು ಮನೆ, ಯಾರು ಯಾರು

ಆರರಿಂದ ಹತ್ತು ಮನೆ ಸಾಕು. ಚಪ್ಪಲಿ ಹಾಕಿಕೊಂಡು ಎರಡು ಮೂರು ನಿಮಿಷದಲ್ಲಿ ಹೋಗಿ ಬರುವಷ್ಟು ಹತ್ತಿರ ಇರಬೇಕು, ಇದನ್ನು ಮಾತ್ರ ಬಿಟ್ಟುಕೊಡಬೇಡಿ. ಅರ್ಧ ಕಟ್ಟು ಸೊಪ್ಪು ಕೊಡಲು ಯಾರೂ ಗಾಡಿ ತೆಗೆಯುವುದಿಲ್ಲ. ಎಲ್ಲರೂ ಪರಿಸರದ ಬಗ್ಗೆ ಓದಿಕೊಂಡವರೇ ಆಗಬೇಕಿಲ್ಲ. ಅಡುಗೆ ಮಾಡುವವರು ಬಂದರೆ ಸಾಕು. ಮನೆಯಿಂದ ಸಭೆಗೆ ಒಬ್ಬರು ಬಂದು ಅಡುಗೆಮನೆಯಲ್ಲಿ ಇನ್ನೊಬ್ಬರಿದ್ದರೆ ಏನೂ ನಡೆಯುವುದಿಲ್ಲ. ಅಡುಗೆ ಮಾಡುವವರನ್ನೇ ಕರೆಯಿರಿ, ಅವರಿಗೆ ಬಿಡುವಿರುವ ಹೊತ್ತಿಗೇ ಕರೆಯಿರಿ.

ಮೊದಲ ದಿನ ಒಂದೇ ಒಂದು ವಿಷಯಕ್ಕೆ ಒಪ್ಪಿಸಿ. ಎರಡು ವಾರ ನಾವು ಎಸೆಯುವುದನ್ನು ತೂಗಿ ನೋಡೋಣ. ಅಷ್ಟೇ. ಬೇರೆ ಯಾವ ನಿಯಮವೂ ಬೇಡ, ಪ್ರತಿಜ್ಞೆಯೂ ಬೇಡ.

ಎರಡು ವಾರ ತೂಕ

ಪ್ರತಿ ಮನೆಗೆ ಎರಡು ಡಬ್ಬಿ. ಹಳೆಯ ಪೇಂಟ್ ಡಬ್ಬಿಯೋ ಐಸ್‌ಕ್ರೀಂ ಡಬ್ಬಿಯೋ ನಡೆಯುತ್ತದೆ. ಹೊಸದು ಕೊಳ್ಳಬೇಡಿ. ಒಂದರ ಮೇಲೆ 'ತಿನ್ನಬಹುದಾಗಿತ್ತು' ಅಂತ ಬರೆಯಿರಿ. ಇನ್ನೊಂದರ ಮೇಲೆ 'ತಿನ್ನಲಾಗದ್ದು'. ಈರುಳ್ಳಿ ಸಿಪ್ಪೆ, ಮೊಟ್ಟೆಯ ಚಿಪ್ಪು, ಮೂಳೆ, ಚಹಾ ಚರಟ, ಹಣ್ಣಿನ ಗೊರಟೆ ಎರಡನೆಯದಕ್ಕೆ. ಹಳಸಿದ ಸಾರು, ತಟ್ಟೆಯಲ್ಲಿ ಬಿಟ್ಟ ಅನ್ನ, ಬಾಡಿದ ಸೊಪ್ಪು, ಮುಗ್ಗಿದ ಹಿಟ್ಟು ಮೊದಲನೆಯದಕ್ಕೆ. ದಿನಕ್ಕೊಮ್ಮೆ, ರಾತ್ರಿ ಪಾತ್ರೆ ತೊಳೆಯುವ ಮುಂಚೆ ತೂಗಿ ಬರೆದಿಡಿ. ಅಡುಗೆಮನೆಯ ಚಿಕ್ಕ ತೂಕದ ಮಷಿನ್ ಒಂದಿದ್ದರೆ ಮೂರು ಮನೆಗೆ ಸಾಕಾಗುತ್ತದೆ.

ತೂಕದ ಪಕ್ಕದಲ್ಲಿ ಕಾರಣ ಬರೆಯಲೇಬೇಕು. ಉದ್ದಕ್ಕೆ ಬೇಡ, ಒಂದು ಪದ ಸಾಕು: ಜಾಸ್ತಿ ಮಾಡಿದೆ, ಮರೆತುಹೋಯ್ತು, ಬಾಡಿತು, ಮಕ್ಕಳು ಬಿಟ್ಟರು, ರುಚಿ ಇರಲಿಲ್ಲ, ತಾರೀಖು ಮುಗಿದಿತ್ತು. ನನ್ನ ಅನುಭವದಲ್ಲಿ ತೂಕಕ್ಕಿಂತ ಈ ಒಂದು ಪದವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ತೂಕ ನಿಮಗೆ ಗಾಬರಿ ಹುಟ್ಟಿಸುತ್ತದೆ, ಮುಂದೆ ಏನು ಮಾಡಬೇಕು ಅಂತ ಹೇಳುವುದು ಕಾರಣ.

ನಿಮ್ಮ ಅಂಕಿಯನ್ನು ಯಾವುದಕ್ಕೆ ಹೋಲಿಸುವುದು? ಅದೇ ವರದಿಯ ಪ್ರಕಾರ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 79 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ದಿನಕ್ಕೆ ಸುಮಾರು 215 ಗ್ರಾಂ. ಇದರಲ್ಲಿ ಸಿಪ್ಪೆ, ಮೂಳೆ ಎಲ್ಲ ಸೇರಿದೆ, ಹಾಗಾಗಿ ನಿಮ್ಮ ಎರಡೂ ಡಬ್ಬಿ ಕೂಡಿಸಿ ಹೋಲಿಸಿ. ಇದಕ್ಕಿಂತ ಕಡಿಮೆ ಬಂತು ಅಂತ ಸುಮ್ನೆ ಕೂರಬೇಡಿ. ನಿಮಗೆ ಬೇಕಾದದ್ದು ಮೊದಲ ಡಬ್ಬಿಯ ಅಂಕಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಾನು ಮೊದಲ ವಾರ ಪ್ರತಿ ಮನೆಯ ತೂಕವನ್ನೂ ಗುಂಪಿನಲ್ಲಿ ಪಟ್ಟಿ ಮಾಡಿ ಹಾಕಿಬಿಟ್ಟೆ. ಎಲ್ಲರಿಗೂ ಹುರುಪು ಬರುತ್ತದೆ ಅಂದುಕೊಂಡಿದ್ದೆ. ಮಾರನೇ ದಿನ ಎರಡು ಮನೆಯವರು ಬಿಟ್ಟುಹೋದರು. ಅವರಲ್ಲೊಬ್ಬರ ಮನೆಯಲ್ಲಿ ಕಾಯಿಲೆಯವರಿದ್ದರು, ಮಾಡಿದ ಗಂಜಿ ದಿನಾ ಹಾಗೇ ಉಳಿಯುತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ. ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ಮನೆಗಳ ಅಂಕಿ ಮನೆಯಲ್ಲೇ ಇರುತ್ತದೆ, ಗುಂಪಿಗೆ ಬರುವುದು ಒಟ್ಟು ತೂಕ ಮತ್ತು ಕಾರಣಗಳ ಪಟ್ಟಿ ಮಾತ್ರ. ಹೆಸರಿಲ್ಲದ ಚೀಟಿಯಲ್ಲಿ ಬರೆದು ಒಂದು ಡಬ್ಬಿಗೆ ಹಾಕಿದರೂ ಆಯ್ತು. ಊಟದ ವಿಷಯದಲ್ಲಿ ನಾಚಿಕೆಯಾದರೆ ಜನ ಎಸೆಯುವುದನ್ನು ನಿಲ್ಲಿಸುವುದಿಲ್ಲ, ತೂಗುವುದನ್ನು ನಿಲ್ಲಿಸುತ್ತಾರೆ.

ಕಾರಣ ನೋಡಿ ಮದ್ದು

ಎರಡು ವಾರ ಆದ ಮೇಲೆ ಚೀಟಿಗಳನ್ನು ಹರಡಿ ಕೂತರೆ ಸಾಮಾನ್ಯವಾಗಿ ಎರಡು ಮೂರು ಕಾರಣಗಳೇ ಮತ್ತೆ ಮತ್ತೆ ಬರುತ್ತವೆ. ಅವನ್ನಷ್ಟೇ ಹಿಡಿದುಕೊಳ್ಳಿ.

'ಬಾಡಿತು, ಕೊಳೆಯಿತು' ಜಾಸ್ತಿ ಇದ್ದರೆ ಇಡುವ ರೀತಿಯಲ್ಲಿ ತೊಂದರೆ ಇದೆ. ಮಾಗುತ್ತಿರುವ ಬಾಳೆಹಣ್ಣು, ಸೇಬು, ಟೊಮೆಟೊ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಅದು ಪಕ್ಕದಲ್ಲಿರುವ ಸೊಪ್ಪನ್ನು, ಸೌತೆಕಾಯಿಯನ್ನು, ಕ್ಯಾರೆಟ್ಟನ್ನು ಬೇಗ ಹಾಳು ಮಾಡುತ್ತದೆ. ಇವೆರಡು ಗುಂಪನ್ನು ಬೇರೆ ಬೇರೆ ಇಡಿ. ಸೊಪ್ಪನ್ನು ತಂದ ತಕ್ಷಣ ತೊಳೆದು ಒದ್ದೆಯಾಗೇ ಕವರಿಗೆ ತುಂಬಿದರೆ ಕೊಳೆಯುವುದು ಖಂಡಿತ. ಕಟ್ಟು ಬಿಚ್ಚಿ, ಕೊಳೆತ ಎಲೆ ಆಯ್ದು, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ, ಬೇಕಾದಾಗ ತೊಳೆಯಿರಿ. ಆಲೂಗಡ್ಡೆಗೆ ಕತ್ತಲೆ ಬೇಕು. ಬೆಳಕು ಬಿದ್ದರೆ ಹಸಿರಾಗುತ್ತದೆ, ಹಾಗಾದಾಗ ಅದರಲ್ಲಿ ಸೊಲನೈನ್ ಅನ್ನುವ ವಿಷವೂ ಏರುತ್ತದೆ. ಆಲೂಗಡ್ಡೆ, ಈರುಳ್ಳಿ ಒಂದೇ ಬುಟ್ಟಿಯಲ್ಲಿ ಬೇಡ, ಎರಡೂ ಬೇಗ ಮೊಳಕೆ ಬಿಡುತ್ತವೆ.

'ಮರೆತುಹೋಯ್ತು' ಅನ್ನುವುದೇ ಜಾಸ್ತಿ ಇದ್ದರೆ ಫ್ರಿಜ್ಜಿನ ಕಣ್ಣೆತ್ತರದ ಶೆಲ್ಫನ್ನು 'ಮೊದಲು ಇದು' ಅಂತ ಮೀಸಲಿಡಿ. ಮಿಕ್ಕಿದ ಪಲ್ಯ, ಅರ್ಧ ಹೆಚ್ಚಿದ ತರಕಾರಿ, ನಾಳೆಗೆ ಕೆಡುವ ಹಾಲು ಎಲ್ಲ ಅಲ್ಲಿಗೆ. ಪಾರದರ್ಶಕ ಡಬ್ಬಿಯಲ್ಲಿ ಇಡಿ. ಸ್ಟೀಲ್ ಡಬ್ಬಿ ಇದ್ದರೆ ಮೇಲೊಂದು ಕಾಗದದ ಪಟ್ಟಿ ಅಂಟಿಸಿ, ಏನು, ಯಾವತ್ತಿನದು ಅಂತ ಬರೆಯಿರಿ. ವಾರಕ್ಕೊಂದು ರಾತ್ರಿ ಆ ಶೆಲ್ಫಿನಲ್ಲಿ ಇದ್ದದ್ದರಿಂದಲೇ ಅಡುಗೆ. ನಮ್ಮ ಗುಂಪಿನಲ್ಲಿ ಈ ಒಂದು ಅಭ್ಯಾಸ ಹಿಡಿದಷ್ಟು ಬೇರೆ ಯಾವುದೂ ಹಿಡಿಯಲಿಲ್ಲ.

'ಜಾಸ್ತಿ ಮಾಡಿದೆ' ಅಂತ ಬಂದರೆ ಅಳತೆಯ ಲೋಟ ಒಂದನ್ನು ಅಕ್ಕಿ ಡಬ್ಬಿಯಲ್ಲೇ ಇಟ್ಟುಬಿಡಿ. ಕಣ್ಣಂದಾಜಿನಲ್ಲಿ ಕೈ ಯಾವಾಗಲೂ ಸ್ವಲ್ಪ ಮುಂದಕ್ಕೇ ಹೋಗುತ್ತದೆ. ಊಟಕ್ಕೆ ಕಡಿಮೆಯಾದರೆ ಅನ್ನುವ ಭಯ ನಿಜವಾದದ್ದು, ಅದನ್ನು ತಳ್ಳಿಹಾಕಬೇಡಿ. ಬೇಗ ಆಗುವ ಏನಾದರೊಂದು ಮನೆಯಲ್ಲಿ ಇದ್ದೇ ಇರುತ್ತದೆ ಅನ್ನುವ ಧೈರ್ಯ ಇದ್ದರೆ ಕೈ ತಾನಾಗಿ ಬಿಗಿಯಾಗುತ್ತದೆ.

ತಾರೀಖಿನ ಗೊಂದಲವೂ ಇರುತ್ತದೆ. ಪ್ಯಾಕೆಟ್ ಮೇಲಿನ 'ಬೆಸ್ಟ್ ಬಿಫೋರ್' ಅಂದರೆ ಆ ದಿನದ ತನಕ ರುಚಿ, ಗರಿಗರಿ ಚೆನ್ನಾಗಿರುತ್ತದೆ ಅಂತ. ಮಾರನೇ ದಿನ ವಿಷವಾಗುತ್ತದೆ ಅಂತ ಅರ್ಥ ಇಲ್ಲ. ಬೇಳೆ, ಬಿಸ್ಕತ್ತು, ಪಾಸ್ತಾದಂಥ ಒಣ ಪದಾರ್ಥ ನೋಡಿ, ಮೂಸಿ, ಸರಿ ಇದ್ದರೆ ಬಳಸಬಹುದು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ಅಂತ ಇದ್ದರೆ ಮಾತ್ರ ಆ ತಾರೀಖು ದಾಟಿಸಬೇಡಿ. ಬೂಷ್ಟಿನ ವಿಷಯದಲ್ಲೂ ಜಿಪುಣತನ ಬೇಡ. ಬ್ರೆಡ್ಡಿನಲ್ಲಿ ಒಂದು ಮೂಲೆಗೆ ಬೂಷ್ಟು ಕಂಡರೆ ಒಳಗೆಲ್ಲ ಹರಡಿರಬಹುದು, ಪೂರ್ತಿ ಬಿಡಿ. ಬೂಷ್ಟು ಹಿಡಿದ ಕಡಲೆಕಾಯಿ, ಜೋಳ, ಕಾಳುಗಳಲ್ಲಿ ಅಫ್ಲಾಟಾಕ್ಸಿನ್ ಇರುವ ಸಾಧ್ಯತೆ ಇದೆ, ಅದು ಲಿವರ್‌ಗೆ ಕೆಟ್ಟದ್ದು, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಆಹಾರ ಉಳಿಸುವ ಉತ್ಸಾಹದಲ್ಲಿ ಯಾರೂ ಆಸ್ಪತ್ರೆ ಸೇರಬಾರದು.

ಹಂಚುವ ಕಪಾಟು

ಮನೆಯೊಳಗೆ ಮಾಡಬಹುದಾದ್ದನ್ನು ಮಾಡಿದ ಮೇಲೂ ಸ್ವಲ್ಪ ಮಿಗುತ್ತದೆ. ಊರಿಗೆ ಹೊರಟಿದ್ದೇವೆ, ಮನೆಯಲ್ಲಿ ಎರಡು ಕಿಲೋ ಟೊಮೆಟೊ ಇದೆ. ಮರದಲ್ಲಿ ಹಣ್ಣು ಒಟ್ಟಿಗೇ ಮಾಗಿಬಿಟ್ಟಿದೆ. ಯಾರೋ ಕೊಟ್ಟ ಪುಡಿ ನಮ್ಮ ಮನೆಯಲ್ಲಿ ಯಾರಿಗೂ ಸೇರುವುದಿಲ್ಲ. ಇಂಥದ್ದಕ್ಕೆ ಎಲ್ಲರೂ ಓಡಾಡುವ ಕಡೆ, ನೆರಳಿನಲ್ಲಿ, ಇಲಿ ಇರುವೆ ಹತ್ತದ ಹಾಗೆ ಒಂದು ಕಪಾಟು ಇಡಿ. ಮೆಟ್ಟಿಲ ಕೆಳಗಿನ ಜಾಗವೋ ಯಾರದಾದರೂ ವರಾಂಡವೋ ಆದೀತು.

ಕಪಾಟಿನಲ್ಲಿ ಇಡಬಹುದಾದದ್ದು: ಹೆಚ್ಚದ ತರಕಾರಿ, ಹಣ್ಣು, ಒಡೆಯದ ಪ್ಯಾಕೆಟ್, ಒಣ ಕಾಳು, ಬೇಳೆ. ಒಡೆದ ಪ್ಯಾಕೆಟ್ ಆದರೆ ಏನು, ಯಾವಾಗ ಒಡೆದದ್ದು ಅಂತ ಚೀಟಿ ಬೇಕು. ಹೆಚ್ಚಿದ ಹಣ್ಣು, ಹಾಲು, ಮೊಸರು, ಮಾಂಸ, ಮೀನು ಕಪಾಟಿಗೆ ಬೇಡವೇ ಬೇಡ.

ಬೇಯಿಸಿದ ಅಡುಗೆಯ ವಿಷಯಕ್ಕೆ ಸ್ವಲ್ಪ ನಿಂತು ಮಾತಾಡಬೇಕು. ಬಹಳ ಗುಂಪುಗಳು ಎಡವುವುದು ಇಲ್ಲೇ. ಬೇಯಿಸಿದ ಆಹಾರ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾ ಬೇಗ ಬೇಗ ಬೆಳೆಯುತ್ತವೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ ಅನ್ನುತ್ತದೆ. ಅನ್ನದ ಬಗ್ಗೆ ಇನ್ನೂ ಜಾಗ್ರತೆ ಬೇಕು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೆ ಉಳಿದರೆ ಅವು ಎದ್ದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ನಮ್ಮ ನಿಯಮ ಸರಳ. ಅಡುಗೆ ಮಿಗುತ್ತದೆ ಅಂತ ಗೊತ್ತಾದ ಕೂಡಲೇ, ತಟ್ಟೆಗೆ ಬಡಿಸುವ ಮುಂಚೆಯೇ ಪಾಲು ತೆಗೆದು ಗುಂಪಿಗೆ ಹೇಳುವುದು. ಬೇಕಾದವರು ಬಿಸಿ ಇರುವಾಗಲೇ ಡಬ್ಬಿ ತಂದು ತೆಗೆದುಕೊಂಡು ಹೋಗುವುದು. ಕೈಯಿಂದ ಕೈಗೆ, ಕಪಾಟಿನ ಮೂಲಕ ಇಲ್ಲ. ಬಡಿಸಿದ ತಟ್ಟೆಯದ್ದು, ಎಂಜಲು ತಾಕಿದ್ದು, ನಿನ್ನೆಯದ್ದು ಹಂಚುವಂತಿಲ್ಲ. ಕಡಲೆಕಾಯಿ, ಎಳ್ಳು, ಹಾಲು, ಮೊಟ್ಟೆ, ಗೋಧಿ ಇದ್ದರೆ ಬಾಯಿಬಿಟ್ಟು ಹೇಳಿ. ಅಲರ್ಜಿ ಇರುವ ಮಗು ಯಾವ ಮನೆಯಲ್ಲಿದೆಯೋ ನಿಮಗೆ ಗೊತ್ತಿರುವುದಿಲ್ಲ.

ನಾಳೆಗೆ ನೀವೇ ಇಟ್ಟುಕೊಳ್ಳುವುದಾದರೆ ಅಗಲವಾದ ಪಾತ್ರೆಗೆ ತೆಳುವಾಗಿ ಹರಡಿ, ಬೇಗ ಆರಿಸಿ ಫ್ರಿಜ್ಜಿಗೆ ಇಡಿ. ಆಳವಾದ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಫ್ರಿಜ್ 4 ಡಿಗ್ರಿ ಆಸುಪಾಸಿನಲ್ಲಿರಲಿ. ತೆಗೆದಾಗ ಒಮ್ಮೆ ಹೊಗೆಯಾಡುವಷ್ಟು ಬಿಸಿ ಮಾಡಿ, ಅದೇ ಪದಾರ್ಥವನ್ನು ಮತ್ತೆ ಮತ್ತೆ ಬಿಸಿ ಮಾಡಬೇಡಿ.

ಕಪಾಟಿಗೆ ದಿನಕ್ಕೊಬ್ಬರು ಜವಾಬ್ದಾರರು. ಸಂಜೆ ಒಂದು ಸಲ ನೋಡಿ, ಕೆಟ್ಟದ್ದು ತೆಗೆದು, ಒರೆಸಿ ಹೋಗುವುದು. ಐದು ನಿಮಿಷದ ಕೆಲಸ. ಮತ್ತೆ, ಯಾರು ತೆಗೆದುಕೊಂಡರು, ಎಷ್ಟು ತೆಗೆದುಕೊಂಡರು ಅಂತ ಯಾರೂ ಲೆಕ್ಕ ಇಡಬಾರದು. ಕೈ ಬಿಗಿಯಾಗಿರುವ ಮನೆಯವರು ತಲೆ ತಗ್ಗಿಸದೆ ತೆಗೆದುಕೊಂಡು ಹೋಗುವ ಹಾಗಿರಬೇಕು. ಈ ಒಂದು ಮಾತನ್ನು ನಾನು ತುಂಬಾ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಒಟ್ಟಿಗೆ ಕೊಳ್ಳುವುದು

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಅಕ್ಕಿ, ಬೇಳೆ, ಎಣ್ಣೆ, ಸೋಪಿನಂಥದ್ದನ್ನು ಹತ್ತು ಮನೆ ಸೇರಿ ಮೂಟೆಯಲ್ಲಿ, ಕ್ಯಾನಿನಲ್ಲಿ ತಂದರೆ ಪ್ಲಾಸ್ಟಿಕ್ ಕವರು ಬಹಳ ಉಳಿಯುತ್ತದೆ. ಆದರೆ ಅಗ್ಗ ಸಿಕ್ಕಿತು ಅಂತ ಜಾಸ್ತಿ ತಂದು ಹುಳ ಹಿಡಿಸಿದರೆ ಉಳಿಸಿದ್ದೆಲ್ಲ ಹೋಯಿತು. ಒಂದು ತಿಂಗಳಿಗೆ ಬೇಕಾದಷ್ಟೇ ತನ್ನಿ. ಫ್ರೀಜರಿನಲ್ಲಿ ಜಾಗ ಇದ್ದವರು ಧಾನ್ಯವನ್ನು ಗಾಳಿಯಾಡದ ಡಬ್ಬಿಯಲ್ಲಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕೈದು ದಿನ ಇಟ್ಟರೆ ಹುಳದ ಮೊಟ್ಟೆಗಳೂ ಸಾಯುತ್ತವೆ. ತೆಗೆದ ಮೇಲೆ ಮುಚ್ಚಳ ಹಾಕಿಯೇ ಹೊರಗಿನ ಬಿಸಿಗೆ ಬರಲು ಬಿಡಿ, ಇಲ್ಲದಿದ್ದರೆ ತೇವ ಕೂರುತ್ತದೆ. ದುಡ್ಡಿನ ಲೆಕ್ಕ ಒಬ್ಬರು ಬರೆಯಲಿ, ಇನ್ನೊಬ್ಬರು ನೋಡಲಿ, ತಿಂಗಳ ಕೊನೆಗೆ ಎಲ್ಲರಿಗೂ ತೋರಿಸಲಿ. ಚಿಲ್ಲರೆ ಲೆಕ್ಕದಲ್ಲಿ ಮುನಿಸು ಬಂದು ಒಡೆದುಹೋಗುವ ಗುಂಪುಗಳು ಬಹಳ.

ಏನು ಕೊಳ್ಳಬೇಕು ಅನ್ನುವ ಪ್ರಶ್ನೆಯೂ ಬರುತ್ತದೆ. ಹತ್ತಿರದಲ್ಲಿ ಬೆಳೆದದ್ದಾದರೆ ಸಾಕು, ಎಲ್ಲ ಸರಿಯಾಯಿತು ಅಂತ ನಾನೂ ನಂಬಿದ್ದೆ. 2018ರಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ 119 ದೇಶಗಳ ಸುಮಾರು 38,700 ಜಮೀನುಗಳ ಮಾಹಿತಿ ಒಟ್ಟು ಮಾಡಿ ಮಾಡಿದ ಅಧ್ಯಯನ ಬೇರೆಯೇ ಹೇಳುತ್ತದೆ. ಬಹುಪಾಲು ಆಹಾರದಲ್ಲಿ ಸಾಗಣೆಯಿಂದ ಬರುವ ಮಾಲಿನ್ಯ ಚಿಕ್ಕ ಪಾಲು, ದೊಡ್ಡ ಪಾಲು ಬೆಳೆಯುವ ಹಂತದ್ದು. 100 ಗ್ರಾಂ ಪ್ರೋಟೀನ್ ಸಿಗಬೇಕಾದರೆ, ಮಾಂಸಕ್ಕಾಗಿಯೇ ಸಾಕಿದ ದನದಿಂದ ಸರಾಸರಿ ಸುಮಾರು 50 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ, ಭೂಮಿಯನ್ನು ಬಿಸಿ ಮಾಡುವ ಅನಿಲ ಹೊರಬರುತ್ತದೆ. ಬಟಾಣಿಯಿಂದಾದರೆ ಅರ್ಧ ಕಿಲೋಗೂ ಕಡಿಮೆ. ಹತ್ತಿರದ್ದನ್ನು ಕೊಳ್ಳಲು ಬೇರೆ ಒಳ್ಳೆಯ ಕಾರಣಗಳಿವೆ: ತಾಜಾ ಇರುತ್ತದೆ, ಬೆಳೆದವರ ಪರಿಚಯ ಆಗುತ್ತದೆ. ಆದರೆ ತಟ್ಟೆಯಲ್ಲಿ ಬೇಳೆ ಕಾಳಿನ ಪಾಲು ಹೆಚ್ಚಿಸುವುದು ಅದಕ್ಕಿಂತ ದೊಡ್ಡ ಕೆಲಸ. ವಿಮಾನದಲ್ಲಿ ಬರುವ ಹಣ್ಣು ತರಕಾರಿ ಮಾತ್ರ ಬಿಟ್ಟುಬಿಡಿ.

ಈಗ ಗೊಬ್ಬರ

ಇಷ್ಟು ಮಾಡಿದ ಮೇಲೆ ಉಳಿಯುವುದು ಹೆಚ್ಚಾಗಿ ಎರಡನೇ ಡಬ್ಬಿಯ ಸಾಮಾನು. ಮೂಳೆ ಬಿಟ್ಟು ಇದೆಲ್ಲ ಗೊಬ್ಬರವೇ ಆಗಬೇಕು. ಕಸದ ಗುಡ್ಡೆಗೆ ಹೋದರೆ ಗಾಳಿ ಸಿಗದೆ ಕೊಳೆತು ಮೀಥೇನ್ ಬಿಡುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಗಾಳಿ ಸಿಕ್ಕರೆ ಅದೇ ಸಿಪ್ಪೆ ವಾಸನೆಯಿಲ್ಲದೆ ಮಣ್ಣಾಗುತ್ತದೆ. ಅಂದರೆ ಗೊಬ್ಬರ ಮಾಡುವುದು ಅಂದರೆ ಗಾಳಿ ಕೊಡುವುದು. ನಮ್ಮ ಮೊದಲ ಡ್ರಮ್ಮಿನಲ್ಲಿ ಇದ್ದ ತಪ್ಪು ಇದೇ: ಸುತ್ತ ಒಂದೂ ತೂತಿರಲಿಲ್ಲ, ಒಳಗೆ ಒಂದೂ ಒಣ ಎಲೆ ಇರಲಿಲ್ಲ.

ಜಾಗ ನೆರಳಲ್ಲಿರಲಿ, ನೀರು ನಿಲ್ಲದಿರಲಿ. ಮಣ್ಣಿನ ನೆಲ ಇದ್ದರೆ ಒಳ್ಳೆಯದು, ಎರೆಹುಳು ತಾವಾಗಿ ಬರುತ್ತವೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಎರಡು ಗೂಡು ಮಾಡಿ. ಹಲಗೆಯದ್ದೋ, ಸಂದು ಬಿಟ್ಟು ಜೋಡಿಸಿದ ಇಟ್ಟಿಗೆಯದ್ದೋ, ತಂತಿ ಬಲೆಯದ್ದೋ ಯಾವುದಾದರೂ ಸರಿ. ಇದಕ್ಕಿಂತ ಚಿಕ್ಕದಾದರೆ ಒಳಗೆ ಬಿಸಿ ನಿಲ್ಲುವುದಿಲ್ಲ. ಎರಡು ಯಾಕೆಂದರೆ ಒಂದು ತುಂಬುತ್ತಿರುವಾಗ ಇನ್ನೊಂದು ಮಾಗಬೇಕು. ಒಂದೇ ಗೂಡಿಗೆ ದಿನಾ ಹಾಕುತ್ತಲೇ ಇದ್ದರೆ ಅದು ಯಾವತ್ತೂ ಮುಗಿಯುವುದಿಲ್ಲ. ಇಲಿ ಬರುವ ಕಡೆ ತಳಕ್ಕೆ ಸಣ್ಣ ಕಣ್ಣಿನ ತಂತಿ ಬಲೆ ಹಾಸಿ.

ಮೊದಲು ಒಣ ಎಲೆಯನ್ನು ಕೂಡಿಡಿ. ಮೂರು ನಾಲ್ಕು ದೊಡ್ಡ ಚೀಲ ತುಂಬಿ ಪಕ್ಕದಲ್ಲಿ ಇರುವ ತನಕ ಒಂದು ಸಿಪ್ಪೆಯನ್ನೂ ಹಾಕಬೇಡಿ. ಬೀಳುವ ಕಾಲದಲ್ಲಿ ಗುಡಿಸಿ ಸುಡುವ ಎಲೆಯೆಲ್ಲ ಬಂಗಾರ, ಹೋಗಿ ಕೇಳಿ ತನ್ನಿ. ಎಲೆ ಸಿಗದಿದ್ದರೆ ಹರಿದ ರಟ್ಟು, ಮಸಿ ಕಡಿಮೆ ಇರುವ ಕಾಗದ, ಒಣ ಹುಲ್ಲು. ಮರದ ಹೊಟ್ಟು ಸ್ವಲ್ಪ ಸ್ವಲ್ಪವೇ ಹಾಕಿ, ಅದು ಕರಗಲು ಬಹಳ ದಿನ ಬೇಕು, ಪಾಲಿಶ್ ಮಾಡಿದ ಹಲಗೆಯ ಹೊಟ್ಟಂತೂ ಬೇಡ.

ಲೆಕ್ಕ ಹೀಗಿದೆ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಇದನ್ನೆಲ್ಲ ದಿನಾ ಲೆಕ್ಕ ಹಾಕಲು ಆಗುವುದಿಲ್ಲ, ಅದಕ್ಕೇ ಬಕೆಟ್ಟಿನ ಅಳತೆ: ಒಂದು ಬಕೆಟ್ ಸಿಪ್ಪೆಗೆ ಎರಡರಿಂದ ಮೂರು ಬಕೆಟ್ ಒಣ ಎಲೆ. ತಳದಲ್ಲಿ ಒಂದು ಗೇಣು ಕಡ್ಡಿ, ರೆಂಬೆ ಹಾಸಿ, ಆಮೇಲೆ ಎಲೆ, ಸಿಪ್ಪೆ, ಎಲೆ. ಪ್ರತಿ ಸಲವೂ ಎಲೆಯೇ ಮೇಲೆ ಇರಬೇಕು, ಸಿಪ್ಪೆ ಕಣ್ಣಿಗೆ ಕಾಣಬಾರದು. ಕಂಡರೆ ನೊಣ ಬರುತ್ತದೆ. ದೊಡ್ಡ ಸಿಪ್ಪೆಗಳನ್ನು ಚಿಕ್ಕದಾಗಿ ಕತ್ತರಿಸಿ ಹಾಕಿದರೆ ಬೇಗ ಆಗುತ್ತದೆ. ಹಳೆಯ ಗೊಬ್ಬರವೋ ತೋಟದ ಮಣ್ಣೋ ಒಂದೆರಡು ಹಿಡಿ ಬೆರೆಸಿದರೆ ಸಾಕು, ಅಂಗಡಿಯ ಪುಡಿ, ದ್ರಾವಣ ಯಾವುದೂ ಬೇಕಿಲ್ಲ.

ತೇವ ನೋಡಲು ಕೈಯೇ ಸಾಧನ. ನಡುಭಾಗದಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಬಂದರೆ ಎಲೆ ಸೇರಿಸಿ, ಏನೂ ಬರದೆ ಪುಡಿ ಉದುರಿದರೆ ನೀರು ಚಿಮುಕಿಸಿ. ಮಳೆಗೆ ಮುಚ್ಚಳ ಬೇಕು. ವಾರಕ್ಕೊಮ್ಮೆ ಗುದ್ದಲಿಯಿಂದ ಹೊರಗಿನದ್ದು ಒಳಗೆ, ಒಳಗಿನದ್ದು ಹೊರಗೆ ಬರುವ ಹಾಗೆ ತಿರುವಿ ಹಾಕಿ. ಸರಿಯಾಗಿದ್ದರೆ ಕೆಲವೇ ದಿನಗಳಲ್ಲಿ ಒಳಗೆ 55ರಿಂದ 65 ಡಿಗ್ರಿ ತನಕ ಬಿಸಿ ಏರುತ್ತದೆ, ತಿರುವಿದಾಗ ಹಬೆ ಏಳುತ್ತದೆ. ಮೊದಲ ಸಲ ಆ ಹಬೆ ಕಂಡ ಬೆಳಗ್ಗೆ ನಾವು ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದಿದ್ದೆವು. ಮಕ್ಕಳಂತೂ ಅಲ್ಲಿಂದ ಕದಲಲಿಲ್ಲ.

ಹಾಕಬಾರದ್ದು: ಮಾಂಸ, ಮೀನು, ಮೂಳೆ, ಹಾಲು ಮೊಸರು, ಎಣ್ಣೆಯ ಪದಾರ್ಥ, ನಾಯಿ ಬೆಕ್ಕಿನ ಹೇಲು, ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ. ಬೇಯಿಸಿದ ಅನ್ನ, ಪಲ್ಯವನ್ನೂ ಶುರುವಿನಲ್ಲಿ ದೂರ ಇಡಿ. ಚಹಾದ ಪುಡಿ ಹಾಕಬಹುದು, ಚಹಾದ ಬ್ಯಾಗ್ ಬೇಡ, ಹಲವು ಬ್ಯಾಗುಗಳಲ್ಲಿ ಪ್ಲಾಸ್ಟಿಕ್ ಎಳೆ ಇರುತ್ತದೆ. 'ಕಾಂಪೋಸ್ಟೆಬಲ್' ಅಂತ ಮುದ್ರಿಸಿದ ಕವರು, ಲೋಟಗಳನ್ನೂ ನಂಬಿ ಹಾಕಬೇಡಿ. ಅವುಗಳಲ್ಲಿ ಹೆಚ್ಚಿನವು ಕರಗಬೇಕಾದರೆ ಕಾರ್ಖಾನೆಯಂಥ ಗೊಬ್ಬರದ ಘಟಕದಲ್ಲಿ ವಾರಗಟ್ಟಲೆ ಒಂದೇ ಸಮ ಬಿಸಿ ಸಿಗಬೇಕು. ನಮ್ಮ ಗೂಡಿನಲ್ಲಿ ಹಾಗೇ ಉಳಿದುಬಿಡುತ್ತವೆ.

ಕೆಟ್ಟರೆ ಏನು? ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ತಿರುವಿ ಎಲೆ ಬೆರೆಸಿ. ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ ಸಿಪ್ಪೆ ಜಾಸ್ತಿಯಾಗಿದೆ, ಅದಕ್ಕೂ ಎಲೆಯೇ ಮದ್ದು. ಬಿಸಿಯೇ ಏರದಿದ್ದರೆ ಒಣಗಿರಬೇಕು, ಇಲ್ಲವೇ ರಾಶಿ ಚಿಕ್ಕದಿರಬೇಕು. ಬಿಳಿ ಬೂಷ್ಟು, ಒನಕೆಹುಳ, ಇರುವೆ, ಎರೆಹುಳು ಕಂಡರೆ ಹೆದರಬೇಡಿ, ಅವೆಲ್ಲ ಕೆಲಸಗಾರರು.

ಎರಡು ಮೂರು ತಿಂಗಳಿಗೆ ರಾಶಿ ಅರ್ಧಕ್ಕಿಂತ ಕೆಳಗೆ ಇಳಿದು, ತಣ್ಣಗಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಇನ್ನೂ ಒಂದು ತಿಂಗಳು ಹಾಗೇ ಬಿಡಿ. ಅವಸರದಲ್ಲಿ ಹಸಿ ಗೊಬ್ಬರ ಹಾಕಿದರೆ ಗಿಡದ ಬೇರಿಗೆ ತೊಂದರೆ. ಪರೀಕ್ಷೆ ಮಾಡಬೇಕೆಂದರೆ ಒಂದು ಹಿಡಿ ತೇವದ ಗೊಬ್ಬರವನ್ನು ಕವರಿನಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ವಾಸನೆಯೋ ಅಮೋನಿಯಾ ವಾಸನೆಯೋ ಬಂದರೆ ಇನ್ನೂ ಮಾಗಬೇಕು. ಮಣ್ಣಿನ ವಾಸನೆಯೇ ಬಂದರೆ ಜರಡಿ ಹಿಡಿದು ಹಂಚಿಕೊಳ್ಳಿ. ಕುಂಡದಲ್ಲಿ ಬರೀ ಗೊಬ್ಬರ ತುಂಬಬೇಡಿ, ಮೂರು ಪಾಲು ಮಣ್ಣಿಗೆ ಒಂದು ಪಾಲು ಸಾಕು. ಜರಡಿಯಲ್ಲಿ ಉಳಿದ ಕಡ್ಡಿ, ಗೊರಟೆ ಮುಂದಿನ ರಾಶಿಯ ತಳಕ್ಕೆ.

ಗೂಡಿನ ಕೆಲಸಕ್ಕೆ ವಾರಕ್ಕೆ ಇಬ್ಬಿಬ್ಬರಂತೆ ಸರದಿ ಹಾಕಿ. ಒಬ್ಬರಿಗೇ ಬಿಡಬೇಡಿ. ಎಲ್ಲ ಕಡೆಯೂ ಒಬ್ಬರು ಉತ್ಸಾಹಿ ಇರುತ್ತಾರೆ, ಎಲ್ಲವನ್ನೂ ತಾವೇ ಹೊತ್ತುಕೊಳ್ಳುತ್ತಾರೆ. ಅವರಿಗೆ ಜ್ವರ ಬಂದ ವಾರ ಎಲ್ಲ ನಿಂತುಹೋಗುತ್ತದೆ.

ಮತ್ತೆ ತೂಕ

ನಾಲ್ಕು ತಿಂಗಳಾದ ಮೇಲೆ ಅದೇ ಎರಡು ಡಬ್ಬಿ, ಅದೇ ಎರಡು ವಾರ. ಹಬ್ಬ, ಮದುವೆ, ಮಕ್ಕಳ ರಜೆ ಇಲ್ಲದ ಸಾಮಾನ್ಯ ದಿನಗಳನ್ನೇ ಆರಿಸಿ, ಇಲ್ಲದಿದ್ದರೆ ಹೋಲಿಕೆ ಸರಿ ಬರುವುದಿಲ್ಲ. ಮೊದಲ ಡಬ್ಬಿಯ ತೂಕ ಇಳಿದಿದೆಯಾ ಅಂತ ನೋಡಿ. ಇಳಿದಿಲ್ಲ ಅಂದರೆ ಕಾರಣದ ಚೀಟಿಗಳನ್ನು ಮತ್ತೆ ಹರಡಿ. ಮೊದಲ ಸಲ 'ಬಾಡಿತು' ಇದ್ದ ಕಡೆ ಈಗ 'ಜಾಸ್ತಿ ಮಾಡಿದೆ' ಬಂದಿರಬಹುದು. ಮುಂದಿನ ನಾಲ್ಕು ತಿಂಗಳು ಅದರ ಹಿಂದೆ ಬೀಳಿ.

ಇಳಿದಿದ್ದರೆ ಗೊಬ್ಬರದ ಗೂಡು ತುಂಬಲು ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ನಮ್ಮಲ್ಲಿ ಹಾಗೇ ಆಯಿತು. ಆಗ ರಾಶಿ ಚಿಕ್ಕದಾಗಿ ಬಿಸಿ ಏರುವುದಿಲ್ಲ, ಹಾಗಂತ ಕಂಗಾಲಾಗಬೇಡಿ. ಆಚೆ ಬೀದಿಯ ಎರಡು ಮೂರು ಮನೆಯವರನ್ನು ಕರೆದು ಸಿಪ್ಪೆ ಕೇಳಿ. ಬರುವಾಗ ಅವರ ಕೈಗೂ ಒಂದೊಂದು ಜೊತೆ ಡಬ್ಬಿ ಕೊಟ್ಟು, ಎರಡು ವಾರ ತೂಗಿ ನೋಡಿ ಅಂತ ಹೇಳಿ ಬನ್ನಿ.